ಗುಜರಿಗೂ ಬೇಡವಾದ ಶೆಲ್ಲು

ಕಂಪ್ಲಿ ಕಡೆ ರಾತ್ರಿ ಭತ್ತದ ಗದ್ದೆಗೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಬ್ಯಾಟ್ರಿ ಇರಲೇಬೇಕು. ನಮ್ಮಲ್ಲಿ ಟಾರ್ಚಿಗೇ ಬ್ಯಾಟ್ರಿ ಎನ್ನುತ್ತೇವೆ. ಒಳಗೆ ಹಾಕುವುದು ಶೆಲ್ಲು. ಹಾವು ಚೇಳುಗಳ ಕತ್ತಲೆಯಲ್ಲಿ ಜೀವ ಕಾಯ್ದ ಶೆಲ್ಲು ಬೆಳಕು ಮಂದವಾದ ದಿನ ಬದುವಿಗೋ ಕಾಲುವೆಗೋ ಬೀಳುತ್ತದೆ. ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಬ್ಯಾಟ್ರಿಯ ಮುಚ್ಚಳ ತಿರುವಿ ನೋಡಿ: ಶೆಲ್ಲಿನ ತಳ ಒಡೆದು ಒಸರಿರುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿದು ಉಪ್ಪಿನಂಥ ಬಿಳಿ ಹುಡಿ ಮೆತ್ತಿರುತ್ತದೆ. ಲೋಹದ ಕವಚವನ್ನೇ ತಿಂದು ಹೊರಬಂದ ರಸ ಮಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದಿಲ್ಲ.

ದೊಡ್ಡ ಬ್ಯಾಟರಿಗೆ ಈ ಗತಿಯಿಲ್ಲ. ಹೊಸಪೇಟೆಯ ಅಂಗಡಿಗೆ ಹಳೆಯ ಇನ್ವರ್ಟರ್ ಬ್ಯಾಟರಿ ಒಯ್ದರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ. ಸಂಡೂರಿನ ಅದಿರು ಲಾರಿಗಳ ಬ್ಯಾಟರಿಗೂ ಗಿರಾಕಿ ಇದ್ದಾನೆ, ಏಕೆಂದರೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಹಾಗೆಂದು ಮರಳಿದ್ದೆಲ್ಲ ಸರಿಯಾದ ಕೈ ಸೇರುತ್ತದೆ ಎನ್ನುವಂತಿಲ್ಲ. ಆಸಿಡ್ ಮೋರಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕರಗಿಸಿದರೆ ಆ ಹೊಗೆ ಮಕ್ಕಳ ಮಿದುಳಿಗೆ ಕುತ್ತು. ಆದರೂ ಬೆಲೆಯಿರುವ ವಸ್ತುವಿಗೆ ಹಿಂದಿರುಗುವ ದಾರಿಯೊಂದಿದೆ. ಶೆಲ್ಲಿಗೆ ಅದೂ ಇಲ್ಲ.

2001ರ ಬ್ಯಾಟರಿ ನಿಯಮಗಳಿಗೆ ಸೀಸ-ಆಸಿಡ್ ಬ್ಯಾಟರಿ ಮಾತ್ರ ಕಾಣಿಸಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡವು. ಹೂಳುವುದು, ಸುಡುವುದು ನಿಷಿದ್ಧ; ಮರುಬಳಕೆಯ ಹೊಣೆ ಉತ್ಪಾದಕರದು; ಮನೆಯ ಕಸದಿಂದ ಬೇರೆ ಇಡುವುದು ಬಳಕೆದಾರರ ಕರ್ತವ್ಯ. ಇದು ದೊಡ್ಡ ಹೆಜ್ಜೆ, ಮನಸಾರೆ ಮೆಚ್ಚುತ್ತೇನೆ. ಕೊರತೆ ಇರುವುದು ಕೊನೆಯ ಮೆಟ್ಟಿಲಲ್ಲಿ. ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡು ಉತ್ಪಾದಕರು ತಮ್ಮ ಗುರಿ ತಲುಪಬಹುದು; ಕಂಪ್ಲಿಯ ಶೆಲ್ಲನ್ನು ಕಂಪ್ಲಿಯಿಂದಲೇ ಎತ್ತಬೇಕೆಂಬ ಕಟ್ಟುಪಾಡಿಲ್ಲ. ಬೇರೆ ಇಡಿ ಎಂದ ಕಾನೂನು, ಇಟ್ಟದ್ದನ್ನು ಯಾರ ಕೈಗೆ ಕೊಡಬೇಕೆಂದು ನಮ್ಮ ಓಣಿಗೆ ಬಂದು ಹೇಳಿಲ್ಲ.

ಕಡಲಿನ ಶಿಸ್ತು ಇಲ್ಲಿ ನೆನಪಾಗುತ್ತದೆ. ಹಡಗಿನವರು ಆಪತ್ತಿಗೆಂದು ಇಟ್ಟುಕೊಳ್ಳುವ 406 ಮೆಗಾಹರ್ಟ್ಸ್ ಬೀಕನ್‌ಗೆ ನೋಂದಣಿಯಿದೆ, ಅದರ ಲಿಥಿಯಂ ಬ್ಯಾಟರಿಗೆ ಅವಧಿಯಿದೆ. ಹಳೆಯದಾದರೆ ನೋಂದಣಿ ರದ್ದುಮಾಡಿ, ಬ್ಯಾಟರಿ ಬೇರ್ಪಡಿಸಿಯೇ ವಿಲೇವಾರಿ ಮಾಡಬೇಕು. ತಪ್ಪಿ ಕಸಕ್ಕೆ ಎಸೆದರೆ ಅದು ತಿಪ್ಪೆಯಿಂದಲೂ ಉಪಗ್ರಹಕ್ಕೆ ಮೊರೆಯಿಡಬಹುದು. ಆ ಮೊರೆ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರ್ಯಾಕ್‌ನಲ್ಲಿರುವ ನಿಯಂತ್ರಣ ಕೇಂದ್ರ ಮುಟ್ಟಿದರೆ, ಇಲ್ಲದ ಹಡಗಿಗಾಗಿ ಹುಡುಕಾಟ ಶುರುವಾಗುತ್ತದೆ. ಅಲ್ಲಿ ತಪ್ಪು ಕೂಗಿ ಹೇಳುತ್ತದೆ, ಅದಕ್ಕೇ ಶಿಸ್ತು ಬಂದಿದೆ. ಬದುವಿನ ಶೆಲ್ಲು ಕೂಗುವುದಿಲ್ಲ. ಹಂಪಿ ದಾಟಿ ಕಂಪ್ಲಿಗೆ ಹರಿಯುವ ತುಂಗಭದ್ರೆಯೂ ದೂರು ಬರೆಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಒಣ ಪ್ಲಾಸ್ಟಿಕ್ ಡಬ್ಬವೊಂದನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಲಿಥಿಯಂ ಶೆಲ್ಲಿನ ತುದಿಗಳಿಗೆ ಟೇಪು ಸುತ್ತಿ, ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತೀತು. ಒಸರಿದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆದರೆ ಡಬ್ಬ ತುಂಬಿದ ಮೇಲೇನು? ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಹೊಸ ಶೆಲ್ಲಿನ ಹಾಳೆ ಬಾಗಿಲಿಗೇ ತೂಗುತ್ತದೆ, ಹಳೆಯದಕ್ಕೆ ಜಾಗವಿಲ್ಲ. ಶೆಲ್ಲು ಇಳಿಸಿದ ಗಾಡಿ ಹಳೆಯ ಶೆಲ್ಲು ಹೇರಿಕೊಂಡೇ ಹೊರಡಬೇಕೆಂಬ ಒಂದು ಸಾಲು ನಿಯಮದಲ್ಲಿ ಸೇರಲಿ. ಒಳ್ಳೆಯ ಕಾನೂನು ಆಗ ಕಂಪ್ಲಿಯ ಗದ್ದೆಯವರೆಗೂ ಬಂದೀತು.