ಬಲ್ಬು ಹತ್ತಿದ ಮೇಲೆ

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಅಂತಲೇ ಒಂದು ಸಿನಿಮಾ ಇದೆ. ಮಗ ಅಮೆರಿಕಕ್ಕೆ ಹೊರಟಾಗಲೋ, ಊರಿನ ಮನೆ ಮಾರಿದಾಗಲೋ ಯಾರಾದರೊಬ್ಬರು ಅದರ ಮಾತು ಎತ್ತೇ ಎತ್ತುತ್ತಾರೆ. 2004ರ ಡಿಸೆಂಬರಿನಲ್ಲಿ ಬಂದ ಆಶುತೋಷ್ ಗೋವಾರಿಕರ್ ಅವರ ಹಿಂದಿ ಚಿತ್ರ ‘ಸ್ವದೇಸ್’ ಅದು. ಬಿಡುಗಡೆಯಾದಾಗ ಅಷ್ಟೇನೂ ಓಡಲಿಲ್ಲ. ಆಮೇಲೆ ಟೀವಿಯಲ್ಲಿ ನೋಡಿ ನೋಡಿ ಜನ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಅದನ್ನು ಪುರಾಣದ ಹಾಗೆ ತೋರಿಸುವವರಿದ್ದಾರೆ. ಪುರಾಣವಾದ ಮೇಲೆ ಪ್ರಶ್ನೆ ಕೇಳುವವರು ಕಡಿಮೆ. ನಾನು ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು. ಪ್ರಶ್ನೆ ಕೇಳುವ ಚಟ ನಿವೃತ್ತಿಯಾದ ಮೇಲೂ ಹೋಗಿಲ್ಲ.

ಕತೆ ನಿಮಗೆ ಗೊತ್ತಿರುವುದೇ. ನಾಸಾದಲ್ಲಿ ಮಳೆ ಅಳೆಯುವ ಉಪಗ್ರಹದ ಯೋಜನೆ ನೋಡಿಕೊಳ್ಳುವ ಮೋಹನ್ ಭಾರ್ಗವ, ತನ್ನನ್ನು ಸಾಕಿದ ಕಾವೇರಿ ಅಮ್ಮನನ್ನು ಹುಡುಕಿಕೊಂಡು ಚರಣ್‌ಪುರ ಎಂಬ ಹಳ್ಳಿಗೆ ಬರುತ್ತಾನೆ. ಕಾವೇರಿ ಅಮ್ಮನಾಗಿ ನಟಿಸಿದವರು ನಮ್ಮವರೇ ಆದ ಕಿಶೋರಿ ಬಲ್ಲಾಳ್; 2020ರಲ್ಲಿ ತೀರಿಕೊಂಡರು. ಕತೆಯಲ್ಲಿ ಹಳ್ಳಿ ಉತ್ತರ ಪ್ರದೇಶದ್ದು. ಚಿತ್ರೀಕರಣ ಬಹುಪಾಲು ನಡೆದದ್ದು ಪುಣೆಯಿಂದ ಎರಡು-ಮೂರು ತಾಸಿನ ದಾರಿಯಲ್ಲಿರುವ ವಾಯಿ ಪಕ್ಕದ ಮೆಣವಲಿಯಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ. ಕರೆಂಟು ಸರಿಯಾಗಿಲ್ಲದ ಆ ಊರಿಗೆ ಮೋಹನ ಗುಡ್ಡದ ನೀರು ಕಟ್ಟಿ, ಟರ್ಬೈನ್ ಕೂರಿಸಿ ವಿದ್ಯುತ್ ತರುತ್ತಾನೆ. ಬಲ್ಬು ಹತ್ತುತ್ತದೆ. ಮುದುಕಿಯೊಬ್ಬಳ ಮುಖ ಬೆಳಗುತ್ತದೆ. ನೋಡುವವರ ಕಣ್ಣಲ್ಲಿ ನೀರು.

ಚಿತ್ರದ ಒಳ್ಳೆಯ ಭಾಗಗಳನ್ನು ಒಳ್ಳೆಯದು ಅಂತಲೇ ಹೇಳಬೇಕು. ಊರಿನ ಜನ ಪರದೆ ಕಟ್ಟಿ ಸಿನಿಮಾ ನೋಡುವ ರಾತ್ರಿಯಲ್ಲಿ ಮೇಲಿನವರು ಒಂದು ಕಡೆ, ಕೆಳಗಿನವರು ಪರದೆಯ ಹಿಂದೆ. ಕರೆಂಟು ಹೋದಾಗ ಆ ಪರದೆ ಸರಿಯುತ್ತದೆ. ಜಾತಿಯ ಬಗ್ಗೆ ಭಾಷಣ ಮಾಡದೆ ಎಲ್ಲವನ್ನೂ ಹೇಳುವ ದೃಶ್ಯ ಅದು. ಅದಕ್ಕಿಂತ ದೊಡ್ಡದು ಹರಿದಾಸನ ಗುಡಿಸಲಿನದು. ಗೇಣಿ ವಸೂಲಿಗೆಂದು ಮೋಹನ ಕೋಡಿ ಎಂಬ ಊರಿಗೆ ಹೋಗುತ್ತಾನೆ. ಹರಿದಾಸ ನೇಕಾರ. ನೇಯ್ಗೆ ನಡೆಯದೆ ಒಕ್ಕಲುತನಕ್ಕೆ ಇಳಿದವನು. ಜಾತಿಯ ಕಸುಬು ಬಿಟ್ಟನೆಂದು ಊರವರು ಅವನ ಹೊಲಕ್ಕೆ ನೀರು ಬಿಡುವುದಿಲ್ಲ. ಮೋಹನ ಬರಿಗೈಯಲ್ಲಿ, ಅಲ್ಲ, ತನ್ನ ಜೇಬಿನಿಂದಲೇ ಕೊಟ್ಟು ವಾಪಸಾಗುತ್ತಾನೆ. ದಾರಿಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಮಣ್ಣಿನ ಲೋಟದಲ್ಲಿ ನೀರು ಮಾರುವ ಹುಡುಗನಿಂದ ನೀರು ಕೊಂಡು ಕುಡಿಯುತ್ತಾನೆ. ಅಲ್ಲಿಯವರೆಗೆ ಬಾಟಲಿ ನೀರು ಬಿಟ್ಟು ಬೇರೆ ಮುಟ್ಟದವನು. ಹಿಂದಿ ಚಿತ್ರಗಳಲ್ಲಿ ಇಂಥ ಹತ್ತು ನಿಮಿಷ ಅಪರೂಪ.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಹರಿದಾಸನ ಕಷ್ಟ ಕತ್ತಲೆಯಲ್ಲ. ಊರಿನ ನೀರನ್ನು ಯಾರಿಗೆ ಬಿಡಬೇಕು, ಯಾರಿಗೆ ಬಿಡಬಾರದು ಎಂದು ತೀರ್ಮಾನಿಸುವ ವ್ಯವಸ್ಥೆ ಅವನ ಕಷ್ಟ. ಚಿತ್ರ ಈ ಕಠಿಣ ಪ್ರಶ್ನೆಯನ್ನು ಕೋಡಿಯಲ್ಲಿ ಕೇಳುತ್ತದೆ. ಸುಲಭದ ಉತ್ತರವನ್ನು ಚರಣ್‌ಪುರದಲ್ಲಿ ಕೊಡುತ್ತದೆ. ಮೋಹನನ ಬಲ್ಬಿನಿಂದ ಹರಿದಾಸನ ಹೊಲಕ್ಕೆ ಒಂದು ಹನಿ ನೀರೂ ಹರಿಯಲಿಲ್ಲ. ಆಮೇಲೆ ಅವನ ಸುದ್ದಿಯೇ ಇಲ್ಲ.

ಇನ್ನು ಆ ವಿದ್ಯುತ್ ಘಟಕ. ಅದು ಸಾಲದ ಅರ್ಜಿಯಾಗಿ ನನ್ನ ಮೇಜಿಗೆ ಬಂದಿದ್ದರೆ ಏನು ಕೇಳುತ್ತಿದ್ದೆ? ಆಸ್ತಿ ಯಾರ ಹೆಸರಲ್ಲಿ? ದಿನಾ ಗೇಟು ತೆಗೆದು ಮುಚ್ಚುವವನಿಗೆ ಸಂಬಳ ಎಲ್ಲಿಂದ? ಮನೆಗೆ ತಿಂಗಳಿಗೆ ಎಷ್ಟು ವಂತಿಗೆ, ಕೊಡದವರಿಗೆ ಏನು? ಐದು ವರ್ಷದ ನಂತರ ಬೇರಿಂಗು ಸವೆದಾಗ ದುಡ್ಡು ಯಾವ ಖಾತೆಯಲ್ಲಿರುತ್ತದೆ? ವಾಣಿಜ್ಯ ಓದಿದವರು ಇದಕ್ಕೆ ‘ಸವಕಳಿ’ ಅನ್ನುತ್ತೇವೆ. ಯಂತ್ರ ಇವತ್ತು ದುಡಿಯುತ್ತಿದೆ ಎಂದರೆ ಇವತ್ತೇ ಸವೆಯುತ್ತಿದೆ ಎಂದರ್ಥ. ಅದಕ್ಕೆ ಇವತ್ತೇ ಹಣ ಎತ್ತಿಡಬೇಕು. ಚಿತ್ರದಲ್ಲಿ ಮೋಹನ ಸಾಮಾನುಗಳಿಗೆಲ್ಲ ಸ್ವಂತ ಹಣ ಹಾಕುತ್ತಾನೆ, ಊರವರು ಮೈಮುರಿದು ದುಡಿಯುತ್ತಾರೆ, ಪೈಪಿಗೆ ಏನೋ ಸಿಕ್ಕಿಕೊಂಡಾಗ ಅವನೇ ನೀರಿಗಿಳಿದು ಸರಿಮಾಡುತ್ತಾನೆ. ಸಂತೋಷ. ಅವನು ಅಮೆರಿಕಕ್ಕೆ ಹೋದ ತಿಂಗಳು ಮತ್ತೆ ಸಿಕ್ಕಿಕೊಂಡರೆ? ಕೊನೆಯ ದೃಶ್ಯದಲ್ಲಿ ಮೋಹನ ಊರಿಗೆ ಮರಳಿ ಕುಸ್ತಿ ಆಡುವುದು ಕಾಣುತ್ತದೆ. ಟರ್ಬೈನ್ ಕಾಣುವುದಿಲ್ಲ.

ತಮಾಷೆಯೆಂದರೆ ನಾಸಾದಲ್ಲಿ ಇದೇ ಮೋಹನ ತಂಡ, ವೇಳಾಪಟ್ಟಿ, ಪರಿಶೀಲನಾ ಸಭೆ ಇಲ್ಲದೆ ಒಂದು ಹೆಜ್ಜೆ ಇಡುವುದಿಲ್ಲ. ಅವನು ಚಿತ್ರದಲ್ಲಿ ಕೆಲಸ ಮಾಡುತ್ತಿದ್ದ ಉಪಗ್ರಹ ಯೋಜನೆ ನಿಜವಾದದ್ದೇ. ಚಿತ್ರ ಬಂದು ಒಂಬತ್ತು ವರ್ಷ ಕಳೆದ ಮೇಲೆ, 2014ರ ಫೆಬ್ರವರಿಯಲ್ಲಿ, ಜಪಾನಿನಿಂದ ಅದು ಹಾರಿತು. ಎರಡು ದೇಶಗಳ ಸಂಸ್ಥೆಗಳು ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಆಕಾಶಕ್ಕೆ ಬೇಕಾದ ಸಂಘಟನೆ ಹಳ್ಳಿಗೆ ಬೇಡವೇ?

ನಮ್ಮಲ್ಲೂ ಇಂಥದೊಂದು ಚಿತ್ರ ಇದೆ, ‘ಸ್ವದೇಸ್’ಗಿಂತ ಒಂದು ವರ್ಷ ಮೊದಲೇ ಬಂದದ್ದು. ಶಿವರಾಮ ಕಾರಂತರ ಕಾದಂಬರಿ ಆಧರಿಸಿ ನಾಗಾಭರಣ ಅವರು ತೆಗೆದ ‘ಚಿಗುರಿದ ಕನಸು’. ದೆಹಲಿಯಲ್ಲಿ ಬೆಳೆದ ಕನ್ನಡದ ಹುಡುಗ ಹಿರಿಯರ ಊರು ಬಂಗಾಡಿಯನ್ನು ಹುಡುಕಿಕೊಂಡು ಬಂದು ಅಲ್ಲೇ ನಿಲ್ಲುತ್ತಾನೆ. ಶಿವರಾಜ್‌ಕುಮಾರ್ ಮಾಡಿದ ಪಾತ್ರ. ಹೊರನಾಡಿನವರಿಗೆ ಎರಡೂ ಚಿತ್ರಗಳು ಕೊಡುವುದು ಒಂದೇ ಸಮಾಧಾನ: ವಾಪಸು ಹೋದರೆ ಎಲ್ಲ ಸರಿಹೋಗುತ್ತದೆ. ನೆಲದ ಜೊತೆ ನಿಧಾನವಾಗಿ ಹೊಂದಿಕೊಳ್ಳುವುದರಲ್ಲಿ ಕನ್ನಡದ ಚಿತ್ರ ಹೆಚ್ಚು ಪ್ರಾಮಾಣಿಕ ಅಂತ ನನಗೆ ಅನಿಸುತ್ತದೆ. ಆದರೂ ಅಲ್ಲೂ ಒಬ್ಬನ ತ್ಯಾಗವೇ ಊರಿನ ಬಂಡವಾಳ.

ಸಿನಿಮಾ ತೋರಿಸದ್ದನ್ನು ನೋಡಬೇಕಾದರೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕತೆ ಓದಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಪುರದಲ್ಲಿ ಸಗಣಿ ಗ್ಯಾಸಿನಿಂದ ಎಲ್ಲರ ಅಡುಗೆ ನಡೆಸೋಣ ಎಂದು ಹೊರಟರು. ಸಗಣಿ ಸಾಲಲಿಲ್ಲ. ಊರವರ ಜೊತೆ ಮಾತಾಡಿದಾಗ ಗೊತ್ತಾಯಿತು, ಅವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಐದು ಕಿಲೋವ್ಯಾಟ್ ಇಂಜಿನ್ ಓಡಿಸಿ, ಕೊಳವೆ ಬಾವಿಯ ನೀರು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಗ್ರಾಮ ವಿಕಾಸ ಸಭೆ ಅಂತ ಒಂದು ಮಾಡಿಕೊಂಡರು. ಸಗಣಿ ತಂದವರಿಗೆ ತೂಕ ಹಾಕಿ ಪೈಸೆ ಲೆಕ್ಕದಲ್ಲಿ ದುಡ್ಡು, ಗೊಬ್ಬರ ಅವರಿಗೇ ವಾಪಸು, ದೀಪಕ್ಕೆ ತಿಂಗಳ ಶುಲ್ಕ. ಘಟಕ ನಡೆಸುವವರು ಊರಿನ ಹುಡುಗರೇ, ಸಂಬಳಕ್ಕೆ. ಸುಮಾರು ಒಂದು ದಶಕ ಅದು ನಡೆಯಿತು. ಶಾಶ್ವತವಾಗಿ ನಡೆಯಲಿಲ್ಲ, ನಿಜ. ಆದರೆ ಹತ್ತು ವರ್ಷ ಹೇಗೆ ನಡೆಯಿತು ಎನ್ನುವುದರಲ್ಲಿ ಇಂಜಿನಿಯರಿಗೆ ಪಾಠ ಇದೆ. ಇಂಜಿನ್ ಎಷ್ಟು ಮುಖ್ಯವೋ ಸಗಣಿಯ ತಕ್ಕಡಿಯೂ ಅಷ್ಟೇ ಮುಖ್ಯವಾಗಿತ್ತು. ಅಂದಿನ ‘ಅಸ್ತ್ರ’ ಇಂದು ಅದೇ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ. ‘ಸಸ್ಟೇನಬಿಲಿಟಿ’ ಎಂಬ ಮಾತು ಕಂಪನಿಗಳ ಬಾಯಿಗೆ ಬರುವ ಎಷ್ಟೋ ವರ್ಷ ಮೊದಲು ಆ ಕೆಲಸ ನಮ್ಮ ನಾಡಿನಲ್ಲಿ ನಡೆದಿತ್ತು.

ಇನ್ನೊಬ್ಬರು ಹರೀಶ್ ಹಂದೆ. ಉಡುಪಿ ಕಡೆಯ ಮೂಲ, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ, ಓದಿದ್ದು ಖರಗ್‌ಪುರ ಐಐಟಿ, ಆಮೇಲೆ ಅಮೆರಿಕ. ಮೋಹನ್ ಭಾರ್ಗವನ ದಾರಿಯೇ ಅನ್ನಿ. ಆದರೆ 1995ರಲ್ಲಿ ಸೆಲ್ಕೋ ಕಂಪನಿ ಶುರು ಮಾಡಿ ಹಳ್ಳಿಗಳಿಗೆ ಸೌರ ದೀಪ ಮುಟ್ಟಿಸುವಾಗ ಅವರು ದೀಪಗಳನ್ನು ದಾನ ಮಾಡಲಿಲ್ಲ. ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳ ಬಾಗಿಲು ತಟ್ಟಿದರು. ಸೌರ ದೀಪಕ್ಕೆ ಸಾಲ ಕೊಡಬಹುದು ಅಂತ ನಮ್ಮ ಜಾತಿಯವರನ್ನು, ಅಂದರೆ ಬ್ಯಾಂಕಿನವರನ್ನು, ಒಪ್ಪಿಸುವುದು ಸೌರ ಫಲಕ ಜೋಡಿಸಿದಷ್ಟು ಸುಲಭವಲ್ಲ. ಆ ಕುರ್ಚಿಯಲ್ಲಿ ಕೂತವನಾಗಿ ಹೇಳುತ್ತೇನೆ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎನ್ನುವುದನ್ನು ಅವರು ವ್ಯಾಪಾರಿಗಳಿಂದಲೇ ಕಲಿತರು. ಲೆಕ್ಕಕ್ಕೆ ಎರಡೂ ಒಂದೇ. ಬದುಕಿಗೆ ಒಂದೇ ಅಲ್ಲ. 2003ರಿಂದ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬಡ್ಡಿ ನೆರವಿನೊಡನೆ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರ ದೀಪದ ಸಾಲವನ್ನು ದೊಡ್ಡದಾಗಿ ಕೊಟ್ಟವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಈ ಕತೆಯಲ್ಲಿ ಬಲ್ಬು ಹತ್ತುವ ದೃಶ್ಯಕ್ಕಿಂತ ಸಾಲದ ಕಂತು ಕಟ್ಟುವ ದೃಶ್ಯವೇ ಹೆಚ್ಚು. ಅದಕ್ಕೇ ಇರಬೇಕು, ಅದನ್ನು ಯಾರೂ ಶಾರುಖ್ ಖಾನರನ್ನು ಹಾಕಿ ಸಿನಿಮಾ ಮಾಡಿಲ್ಲ.

ಈಗ ನಮ್ಮ ಮಕ್ಕಳ ಮಾತು. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ‘ಅಂಕಲ್, ಸಸ್ಟೇನಬಿಲಿಟಿಯಲ್ಲಿ ಕೆರಿಯರ್ ಮಾಡಬೇಕು’ ಅನ್ನುತ್ತಾರೆ. ಒಳ್ಳೆಯದೇ. ಆದರೆ ಅವರ ಕಣ್ಣ ಮುಂದಿರುವುದು ಮೋಹನನ ಚಿತ್ರ: ಒಂದು ರಾಜೀನಾಮೆ, ಒಂದು ವಿಮಾನ, ಒಂದು ಟರ್ಬೈನ್. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದಕ್ಕೆ ಪೂರ್ಣ ಸದಸ್ಯ ಆದ ಹೊತ್ತಿಗೆ ನಮ್ಮ ಕಾಲೇಜುಗಳ ಮುಂದೆ ಇಂಜಿನಿಯರಿಗೆ ಇರಬೇಕಾದ 12 ಗುಣಗಳ ಪಟ್ಟಿ ಇತ್ತು. ಅದರಲ್ಲಿ ಪರಿಸರ ಮತ್ತು ಸುಸ್ಥಿರತೆ ಒಂದು. ಯೋಜನಾ ನಿರ್ವಹಣೆ ಮತ್ತು ಹಣಕಾಸು ಇನ್ನೊಂದು. ಎರಡೂ ಒಂದೇ ಪುಟದಲ್ಲಿ ಇದ್ದವು. ಪಾಠದಲ್ಲಿ ಮಾತ್ರ ಒಂದಕ್ಕೊಂದು ಭೇಟಿಯಾಗುವುದು ಕಡಿಮೆ. ಮುಂಬೈ ಐಐಟಿಯಲ್ಲಿ 1985ರಿಂದ ಗ್ರಾಮೀಣ ತಂತ್ರಜ್ಞಾನಕ್ಕೇ ಒಂದು ಕೇಂದ್ರವಿದೆ. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ನೀರಿನ ಯೋಜನೆಗಳನ್ನು ಪರೀಕ್ಷಿಸುತ್ತಾರೆ. ಅಂಥ ಕಡೆ ಕಲಿಸುವುದೂ ಒಂದು ಕೆರಿಯರ್ರೇ.

ಬ್ಯಾಂಕಿಗೆ ಕಂಪ್ಯೂಟರ್ ಬಂದದ್ದು ಒಂದು ದಿನ. ಲೆಡ್ಜರಿನಲ್ಲಿ ಬರೆದು ನೋಡದೆ ನಂಬದ ನಮ್ಮ ಕೈಗಳ ಅಭ್ಯಾಸ ಬದಲಾಗಲು ವರ್ಷಗಳೇ ಹಿಡಿದವು. ಸಂಸ್ಥೆ ಬದಲಾಗುವುದು ಹಾಗೆ: ಯಂತ್ರ ಮುಂದೆ, ಮನುಷ್ಯ ಹಿಂದೆ. ಆ ನಡುವಿನ ಅಂತರದಲ್ಲಿ ನಿಂತು ದುಡಿಯುವವರು ಬೇಕು. ಅವರು ಊರಿಗೇ ವಾಪಸಾಗಬೇಕೆಂದೇನಿಲ್ಲ. ರೂರ್ಕೆಲಾದ ಹುಡುಗನೂ ಆಗಬಹುದು, ಪುಣೆಯ ಹುಡುಗಿಯೂ ಆಗಬಹುದು.

ಊರಲ್ಲಿರುವ ನಿಮಗೆ ಒಂದು ಮಾತು. ‘ಸ್ವದೇಸ್’ ನೋಡಿ, ನೋಡಬೇಕಾದ ಚಿತ್ರವೇ. ಮುಂದಿನ ಬೇಸಿಗೆಯಲ್ಲಿ ಪುಣೆಯಿಂದಲೋ ಅಮೆರಿಕದಿಂದಲೋ ನಿಮ್ಮೂರ ಹುಡುಗ ಬಂದು ಶಾಲೆಗೆ ಸೋಲಾರ್ ಹಾಕಿಸಿಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಹಾರ ಹಾಕುವ ಮೊದಲು ಅವನನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕೂರಿಸಿಕೊಂಡು ಮೂರು ವಿಷಯ ಬರೆದಿಡಿ: ಬ್ಯಾಟರಿ ಕೆಟ್ಟರೆ ಯಾರನ್ನು ಕರೆಯಬೇಕು, ಅದಕ್ಕೆ ದುಡ್ಡು ಯಾವ ಖಾತೆಯಲ್ಲಿದೆ, ಪಾಸ್‌ಬುಕ್ ಯಾರ ಹತ್ತಿರ. ಊರಿನಲ್ಲಿ ನೀರು ಸಿಗದ ಹರಿದಾಸ ಯಾರಾದರೂ ಇದ್ದರೆ ಅವನನ್ನೂ ಆ ಕಟ್ಟೆಗೆ ಕರೆಯಿರಿ.