ಸ್ಕೂಟರಿನ ಸದ್ದು, ಪಠ್ಯಪುಸ್ತಕದ ಮೌನ

ಧಾರವಾಡದಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಬೆಳಗಿನ ಶಾಲೆ-ಕಾಲೇಜಿನ ಹೊತ್ತಿಗೆ ಓಣಿ ಓಣಿಯಲ್ಲೂ ಒಂದು ಸದ್ದು ಕೇಳಿಸುತ್ತದೆ. ರಾತ್ರಿಯೆಲ್ಲ ತಂಪಿನಲ್ಲಿ ನಿಂತಿದ್ದ ಗೇರಿಲ್ಲದ ಸ್ಕೂಟರು ಹೊರಡುವಾಗ ‘ಗರ್ರ್’ ಎಂದು ಮೈ ನಡುಗಿಸುತ್ತದೆ. ಹತ್ತು ಮಾರು ಹೋದ ಮೇಲೆ ಸುಮ್ಮನಾಗುತ್ತದೆ. ಮುಂದೆ ವಿಶ್ವವಿದ್ಯಾಲಯದ ಗುಡ್ಡದ ಏರಿನಲ್ಲಿ ನಿಂತು ಹೊರಟರೆ ಮತ್ತೆ ಅದೇ ನಡುಕ. ನೀವೂ ಇದನ್ನು ಅನುಭವಿಸಿರಬಹುದು.

ಎಂಟು ವರ್ಷ ಹಳೆಯದಾದ ನನ್ನ ಸ್ಕೂಟರಿಗೂ ಈ ರೋಗ ಬಂದಿತ್ತು. ಜೊತೆಗೆ ಇನ್ನೊಂದು ಸದ್ದು: ವೇಗ 30 ಕಿ.ಮೀ. ದಾಟಿದೊಡನೆ ಹಿಂದಿನಿಂದ ದುಂಬಿ ಮೊರೆದಂತೆ. ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಒಂದು ಸುತ್ತು ಓಡಿಸಿ ಬಂದು ತೀರ್ಪು ಕೊಟ್ಟ: “ಕ್ಲಚ್ ಹೋಗೇತ್ರಿ ಸರ್. ಬೆಲ್ಟು, ರೋಲರು, ಕ್ಲಚ್ಚು, ಪೂರಾ ಸೆಟ್ ಹಾಕಿಬಿಡೂಣ್ರಿ.” ನಾನು ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳುವವನು. ಅದೇ ವಾರ ತರಗತಿಯಲ್ಲಿ ಘರ್ಷಣೆಯ ಪಾಠ ನಡೆದಿತ್ತು. ನನ್ನ ಸ್ಕೂಟರಿನ ನಡುಕವನ್ನು ಕಾಲೇಜಿನ ಗೇಟಿನಲ್ಲಿ ಕಂಡಿದ್ದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ್, ಇದು ಯಾವ ಘರ್ಷಣೆರೀ? ಸ್ಥಾಯಿಯೋ, ಚಲನವೋ?” ಮೇಜಿನ ಮೇಲಿದ್ದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಮೊದಲು ಯಂತ್ರವನ್ನು ನೋಡೋಣ. 1972ರಲ್ಲಿ ಬಂದ ಬಜಾಜ್ ಚೇತಕ್‌ನಂಥ ಹಳೆಯ ಸ್ಕೂಟರುಗಳಲ್ಲಿ ಕ್ಲಚ್ ಬಿಡುವುದೂ ಗೇರ್ ಬದಲಿಸುವುದೂ ಸವಾರನ ಎಡಗೈಯ ಕೆಲಸ. ಕ್ಲಚ್ ಫಲಕಗಳು ಎಣ್ಣೆಯಲ್ಲಿ ಮುಳುಗಿರುತ್ತಿದ್ದವು. ಎಷ್ಟು ಜಾರಬೇಕು, ಯಾವಾಗ ಹಿಡಿಯಬೇಕು ಎಂಬುದನ್ನು ಕೈ ಕಲಿತಿತ್ತು. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಈ ಕೆಲಸ ಬೆಲ್ಟು ಮತ್ತು ಸ್ಪ್ರಿಂಗುಗಳ ಪಾಲಾಯಿತು. ತತ್ತ್ವ ಹೊಸದೇನಲ್ಲ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಇಂಥ ಬೆಲ್ಟಿನ ಕಾರನ್ನು ತೋರಿಸಿತ್ತು.

ಎಡಬದಿಯ ಉದ್ದನೆಯ ಮುಚ್ಚಳ ತೆಗೆದರೆ ಮುಂದೆ ಒಂದು ಪುಲ್ಲಿ, ಹಿಂದೆ ಒಂದು ಪುಲ್ಲಿ, ನಡುವೆ ‘ವಿ’ ಆಕಾರದ ರಬ್ಬರ್ ಬೆಲ್ಟು ಕಾಣುತ್ತವೆ. ಮುಂದಿನ ಪುಲ್ಲಿ ಎಂಜಿನ್ನಿನ ಕ್ರ್ಯಾಂಕಿಗೆ ಸೇರಿದ್ದು. ಅದರ ಬೆನ್ನಿಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಎರಡು ಮುಖಗಳನ್ನು ಹತ್ತಿರ ತರುತ್ತವೆ, ಬೆಲ್ಟು ಮೇಲೇರುತ್ತದೆ, ಗೇರ್ ಅನುಪಾತ ತಾನಾಗಿ ಬದಲಾಗುತ್ತದೆ. ಹಿಂದಿನ ಪುಲ್ಲಿಯ ಜೊತೆಗೆ ಮೂರು ಕ್ಲಚ್ ಶೂಗಳು ತಿರುಗುತ್ತವೆ. ಅವುಗಳನ್ನು ಸುತ್ತುವರಿದ ಉಕ್ಕಿನ ಬಟ್ಟಲಿಗೆ ಮೆಕ್ಯಾನಿಕರು ‘ಕ್ಲಚ್ ಔಟರ್’ ಎನ್ನುತ್ತಾರೆ. ಬಟ್ಟಲಿನಿಂದ ಮುಂದೆ ಎರಡು ಹಂತದ ಹಲ್ಲುಗಾಲಿಗಳು, ಆಮೇಲೆ ಚಕ್ರ.

ಎಂಜಿನ್ ಸುಮ್ಮನೆ ಗುನುಗುತ್ತಿರುವಾಗ ಶೂಗಳನ್ನು ಸ್ಪ್ರಿಂಗುಗಳು ಒಳಕ್ಕೆ ಹಿಡಿದಿರುತ್ತವೆ. ಶೂವನ್ನು ವೃತ್ತದಲ್ಲಿ ತಿರುಗಿಸಲು ಬೇಕಾದ ಕೇಂದ್ರಾಭಿಮುಖ ಬಲ ಅದರ ರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ ಇವುಗಳ ಗುಣಲಬ್ಧ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಬೇಕು. ಸ್ಪ್ರಿಂಗಿಗೆ ಅಷ್ಟು ಕೊಡಲಾಗದಿದ್ದಾಗ ಶೂ ಹೊರಕ್ಕೆ ಸರಿದು ಬಟ್ಟಲನ್ನು ಒತ್ತುತ್ತದೆ, ಕಡಿಮೆ ಬಿದ್ದ ಬಲವನ್ನು ಬಟ್ಟಲಿನ ಗೋಡೆ ಒದಗಿಸುತ್ತದೆ. ಆ ಒತ್ತಡವನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದರೆ ಬಟ್ಟಲನ್ನು ಎಳೆಯುವ ಬಲ ಸಿಗುತ್ತದೆ. ಇಷ್ಟರವರೆಗೆ ಪಠ್ಯಪುಸ್ತಕ ನಮ್ಮ ಜೊತೆಗಿದೆ.

ಮುಂದಿನ ಹೆಜ್ಜೆಯಲ್ಲಿ ಕೈ ಬಿಡುತ್ತದೆ. ಪಿಯುಸಿ ಮೊದಲ ವರ್ಷದ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕ ಸ್ಥಾಯಿ ಘರ್ಷಣೆಯ ಗುಣಾಂಕ ಚಲನ ಘರ್ಷಣೆಯದಕ್ಕಿಂತ ಹೆಚ್ಚು ಎಂದು ಹೇಳುತ್ತದೆ, ಚಲನ ಘರ್ಷಣೆ ವೇಗವನ್ನು ಬಹುಮಟ್ಟಿಗೆ ಅವಲಂಬಿಸಿಲ್ಲ ಎಂದೂ ಹೇಳುತ್ತದೆ. ಎರಡೂ ಹೇಳಿಕೆಗಳು ತಪ್ಪಲ್ಲ. ಫ್ರಾನ್ಸಿನ ಅಮೊಂಟೋನ್ 1699ರಲ್ಲಿ, ಕೂಲಂ 1785ರಲ್ಲಿ ಪ್ರಯೋಗ ಮಾಡಿ ಕಂಡುಕೊಂಡ ನಿಯಮಗಳ ಸಾರವಿದು. ಆದರೆ ‘ಬಹುಮಟ್ಟಿಗೆ’ ಎಂಬ ಒಂದು ಪದದೊಳಗೆ ನಮ್ಮ ಸ್ಕೂಟರಿನ ನಡುಕವೆಲ್ಲ ಅಡಗಿ ಕೂತಿದೆ. ಪುಸ್ತಕ ಆ ಪದವನ್ನು ಬರೆದು ಮುಂದೆ ಹೋಗುತ್ತದೆ. ಅಧ್ಯಾಪಕರಾದ ನಾವೂ ಹೋಗುತ್ತೇವೆ. ಪರೀಕ್ಷೆಯಲ್ಲಿ ಇಳಿಜಾರಿನ ಮೇಲಿನ ದಿಮ್ಮಿಯ ಲೆಕ್ಕ ಬರುತ್ತದೆ, ‘ಬಹುಮಟ್ಟಿಗೆ’ ಬರುವುದಿಲ್ಲ.

ಶೂವಿನ ಲೈನಿಂಗ್ ಕಾದು ಗಾಜಿನಂತೆ ನುಣುಪಾದಾಗ, ಅಥವಾ ಬಟ್ಟಲಿಗೆ ಮಳೆಗಾಲದ ತೆಳುವಾದ ತುಕ್ಕು ಹಿಡಿದಾಗ ಏನಾಗುತ್ತದೆ? ಜಾರುವ ವೇಗ ಹೆಚ್ಚಿದ್ದಾಗ ಘರ್ಷಣೆ ಕಡಿಮೆ, ವೇಗ ಇಳಿದಂತೆ ಘರ್ಷಣೆ ಹೆಚ್ಚು ಎಂಬ ಸ್ಥಿತಿ ಬರುತ್ತದೆ. ಶೂ ಬಟ್ಟಲನ್ನು ಹಿಡಿಯುತ್ತ ಬಂದಂತೆ ಜಾರುವಿಕೆ ಕಡಿಮೆಯಾಗುತ್ತದೆ, ಹಿಡಿತ ಒಮ್ಮೆಲೇ ಬಿಗಿಯುತ್ತದೆ. ಬೆಲ್ಟು, ಸ್ಪ್ರಿಂಗು, ಟಯರು ಎಲ್ಲವೂ ಸ್ವಲ್ಪ ಎಳೆದುಕೊಂಡು ಶಕ್ತಿ ಸಂಗ್ರಹಿಸುತ್ತವೆ. ಎಳೆತ ಮಿತಿ ಮೀರಿದಾಗ ಹಿಡಿತ ಕಳಚುತ್ತದೆ, ಮತ್ತೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಹಿಡಿ-ಜಾರು, ಹಿಡಿ-ಜಾರು. ಬೌಡೆನ್ ಮತ್ತು ಲೆಬೆನ್ ಎಂಬ ವಿಜ್ಞಾನಿಗಳು 1939ರಲ್ಲಿ ಲೋಹಗಳ ಮೇಲೆ ಇದನ್ನು ಅಳೆದು ತೋರಿಸಿದರು. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದೂ ಇದೇ, ಪಿಟೀಲಿನ ತಂತಿ ನಾದ ಕೊಡುವುದೂ ಇದೇ. ಕಮಾನಿಗೆ ರಾಳ ಹಚ್ಚುವುದು ಈ ಹಿಡಿ-ಜಾರಿನ ವ್ಯತ್ಯಾಸ ಹೆಚ್ಚಿಸಲಿಕ್ಕೆಂದೇ. (ಸಂಗೀತದ ಊರೆಂದು ಹೆಸರಾದ ಧಾರವಾಡದಲ್ಲಿ ಇದನ್ನು ವಿವರಿಸಲು ಬೇರೆ ಉಪಕರಣ ಬೇಕಿಲ್ಲ.)

ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಹಾಗಾದರೆ ‘ಎರಡೂ, ಸರದಿಯಂತೆ’ ಎಂದಾಯಿತು. ಇದನ್ನು ತರಗತಿಯಲ್ಲೇ ತೋರಿಸಬಹುದು. ಮರದ ದಿಮ್ಮಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೇಜಿನ ಮೇಲೆ ಬಹಳ ನಿಧಾನ ಎಳೆಯಿರಿ, ದಿಮ್ಮಿ ಕುಪ್ಪಳಿಸುತ್ತ ಬರುತ್ತದೆ. ಜೋರಾಗಿ ಎಳೆದರೆ ಸರಾಗವಾಗಿ ಬರುತ್ತದೆ. ಐದು ನಿಮಿಷದ ಕೆಲಸ. ಇದು ಪುಸ್ತಕದಲ್ಲಿ ಇದ್ದಿದ್ದರೆ ಘರ್ಷಣೆಯ ಪಾಠ ಓಣಿಯವರೆಗೆ ಬರುತ್ತಿತ್ತು.

ಪಠ್ಯಪುಸ್ತಕವನ್ನಷ್ಟೇ ಟೀಕಿಸಿದರೆ ಅನ್ಯಾಯ. ಸ್ಕೂಟರಿನ ಜೊತೆ ಬಂದ ಕೈಪಿಡಿಯನ್ನೂ ತೆರೆದು ನೋಡಿದೆ. ಟಯರಿನ ಗಾಳಿ, ಬಲ್ಬಿನ ವ್ಯಾಟು, ಸರ್ವಿಸ್ ಮಾಡಿಸಬೇಕಾದ ಕಿಲೋಮೀಟರು ಎಲ್ಲ ಅಚ್ಚುಕಟ್ಟಾಗಿವೆ. ಅಸಹಜ ಸದ್ದು ಬಂದರೆ ಮಾತ್ರ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಬೇಕಂತೆ. ಯಾವ ಸದ್ದು ಅಸಹಜ, ಯಾವುದು ಇಂದೇ ನೋಡಬೇಕಾದ್ದು, ಯಾವುದು ಮುಂದಿನ ತಿಂಗಳವರೆಗೆ ತಾಳುತ್ತದೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಳ್ಳಬಾರದು ಎಂಬ ಮಾತೂ ಇಲ್ಲ. ಅದು ಎಷ್ಟು ದೊಡ್ಡ ಲೋಪ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಗಾಡಿ ಮತ್ತು ಇಬ್ಬರು ಸವಾರರು ಸೇರಿ 240 ಕಿಲೋಗ್ರಾಂ, ಏರು ಹತ್ತಕ್ಕೊಂದು ಎಂದಿಟ್ಟುಕೊಳ್ಳಿ. ಕೆಳಕ್ಕೆ ಜಾರದಂತೆ ನಿಲ್ಲಲು ಸುಮಾರು 235 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ 0.217 ಮೀಟರ್, ಆದ್ದರಿಂದ ಚಕ್ರದಲ್ಲಿ ತಿರುಗುಬಲ 51 ನ್ಯೂಟನ್-ಮೀಟರ್. ಹಲ್ಲುಗಾಲಿಗಳ ಅನುಪಾತ 9 ಆದರೆ ಬಟ್ಟಲಿನಲ್ಲಿ 5.7. ಎಂಜಿನ್ ನಿಮಿಷಕ್ಕೆ 3000 ಸುತ್ತು, ಬೆಲ್ಟಿನ ಅನುಪಾತ ಎರಡೂವರೆ ಎಂದರೆ ಶೂಗಳು 1200 ಸುತ್ತು ತಿರುಗುತ್ತಿರುತ್ತವೆ, ಅಂದರೆ ಸೆಕೆಂಡಿಗೆ 126 ರೇಡಿಯನ್. ಬಟ್ಟಲು ನಿಂತೇ ಇದೆ. 5.7ನ್ನು 126ರಿಂದ ಗುಣಿಸಿ: ಸುಮಾರು 715 ವ್ಯಾಟ್, ಅಷ್ಟೂ ಶಾಖವಾಗಿ. ಮುಚ್ಚಳದೊಳಗೆ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಚ್ಚಿಟ್ಟಂತೆ. ಲೈನಿಂಗ್ ಗಾಜಾಗದೆ ಇನ್ನೇನಾದೀತು? ಗುಡ್ಡದ ಊರಿನಲ್ಲಿ ಈ ಅಭ್ಯಾಸ ಒಂದು ಕ್ಲಚ್ ಸೆಟ್ಟಿನ ಬೆಲೆಯದು.

ಗ್ಯಾರೇಜಿನವನ ಬಗ್ಗೆ ನನ್ನ ದೂರು ಬೇರೆ ಬಗೆಯದು. ಅವನಿಗೆ ತಿಳಿವಳಿಕೆ ಇಲ್ಲವೆನ್ನಲಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಕವಚಕ್ಕೆ ಒತ್ತಿ ಹಿಡಿಕೆಯನ್ನು ಕಿವಿಗಿಟ್ಟು ಕೇಳುವ ಮೇಸ್ತ್ರಿ ವೈದ್ಯರ ಸ್ಟೆತಾಸ್ಕೋಪಿಗೆ ಸಮನಾದ ಸಾಧನ ಬಳಸುತ್ತಿದ್ದಾನೆ. ಆದರೆ ಕೇಳಲು ಕಳೆದ ಅರ್ಧ ಗಂಟೆಗೆ ನಾವು ಯಾರೂ ದುಡ್ಡು ಕೊಡುವುದಿಲ್ಲ, ಹಾಕಿದ ಸಾಮಾನಿಗೆ ಕೊಡುತ್ತೇವೆ. ಹಾಗಾಗಿ ಅವನು ಸಾಮಾನು ಹಾಕುತ್ತಾನೆ. ಒಂದನ್ನು ಮಾತ್ರ ಒಪ್ಪಲಾಗದು: ಕ್ಲಚ್ ಬಿಚ್ಚಿದೊಡನೆ ಗಾಳಿಯ ಪೈಪು ಹಿಡಿದು ಧೂಳು ಹಾರಿಸುವುದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇದ್ದೀತು, ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸಾಮಾನು ಬದಲಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸದ್ದು ಯಾವುದರ ವೇಗವನ್ನು ಹಿಂಬಾಲಿಸುತ್ತದೆ? ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಡಿ. ಈಗ ತಿರುಗುವುದು ಪುಲ್ಲಿ, ಬೆಲ್ಟು, ಶೂ. ಬಟ್ಟಲು ತಿರುಗಬಾರದು. ಇಲ್ಲಿ ಕಟಕಟ ಸದ್ದಿದ್ದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಅದು ಬದಲಾದರೆ ಸಂಶಯ ರೋಲರುಗಳ ಮೇಲೆ, ಅವುಗಳ ಹಿಂದಿನ ತಟ್ಟೆಯ ಪ್ಲಾಸ್ಟಿಕ್ ತುಂಡುಗಳ ಮೇಲೆ. ಸವೆದ ರೋಲರು ದುಂಡಗಿರುವುದಿಲ್ಲ, ಒಂದು ಬದಿ ಚಪ್ಪಟೆಯಾಗಿರುತ್ತದೆ. ಪಟಪಟ ಎಂದು ಚಾವಟಿ ಬೀಸಿದ ಸದ್ದಾದರೆ ಬೆಲ್ಟಿನ ಅಂಚು ನೋಡಬೇಕು. ಎಳೆ ಬಿಚ್ಚಿದ್ದರೆ ತಡಮಾಡಬೇಡಿ, ದಾರಿಯ ನಡುವೆ ಅದು ಕಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಆಮೇಲೆ ಎಂಜಿನ್ ನಿಲ್ಲಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಈಗ ಚಲಿಸುವುದು ಚಕ್ರ, ಹಲ್ಲುಗಾಲಿ, ಬಟ್ಟಲು ಮಾತ್ರ, ಶೂ ಮತ್ತು ಬೆಲ್ಟು ನಿಂತಿರುತ್ತವೆ. ಕವಚದ ಮೇಲೆ ಅಂಗೈಯಿಟ್ಟರೆ ಒರಟುತನ ತಿಳಿಯುತ್ತದೆ. ಖಾಲಿ ಮೈದಾನದಲ್ಲಿ ಗೆಳೆಯರೊಬ್ಬರು ತಳ್ಳಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಕೀಲಿ ಗಾಡಿಯಲ್ಲೇ ಇರಲಿ, ಹ್ಯಾಂಡಲ್ ಲಾಕ್ ಬಿದ್ದರೆ ಅಪಾಯ. ಇಳಿಜಾರಿನ ರಸ್ತೆಯಲ್ಲಿ ಈ ಪ್ರಯೋಗ ಬೇಡವೇ ಬೇಡ.

ನನ್ನ ದುಂಬಿ ಇಲ್ಲಿ ಸಿಕ್ಕಿಬಿತ್ತು. ಎಂಜಿನ್ ನಿಂತಿದ್ದರೂ ಮೈದಾನದಲ್ಲಿ ಮೆಲ್ಲಗೆ ಮೊರೆಯಿತು. ಅಂದರೆ ಆ ಸದ್ದಿಗೂ ಬೆಲ್ಟು, ರೋಲರು, ಕ್ಲಚ್ ಶೂಗಳಿಗೂ ಸಂಬಂಧವಿಲ್ಲ. ‘ಪೂರಾ ಸೆಟ್’ ಹಾಕಿಸಿದ್ದರೂ ದುಂಬಿ ಹಾಗೇ ಉಳಿಯುತ್ತಿತ್ತು.

ವಿದ್ಯಾರ್ಥಿಗಳು ಇದನ್ನೇ ಮೊಬೈಲಿನಿಂದ ಅಳೆದರು. ಧ್ವನಿಯ ಆವೃತ್ತಿ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಟಯರಿನ ಮೇಲೆ ಬರೆದ 90/100-10ರಿಂದ ಸುತ್ತಳತೆ 1.36 ಮೀಟರ್ ಎಂದು ತೆಗೆಯಬಹುದು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್, ಚಕ್ರ ಸೆಕೆಂಡಿಗೆ 7.3 ಸುತ್ತು. ಅನುಪಾತ 9 ಆದರೆ ಬಟ್ಟಲು 66 ಸುತ್ತು. ಬಟ್ಟಲಿನ ದಂಡದ ಪುಟ್ಟ ಗಾಲಿಗೆ 14 ಹಲ್ಲುಗಳಿದ್ದರೆ ಹಲ್ಲು ತಾಗುವ ಆವೃತ್ತಿ 920 ಹರ್ಟ್ಸ್ ಆಸುಪಾಸು. ನಿಮ್ಮ ಗಾಡಿಯ ನಿಜವಾದ ಅನುಪಾತ ಬೇಕೆಂದರೆ ಮುಚ್ಚಳ ತೆಗೆದು, ಚಕ್ರವನ್ನು ಒಂದು ಸುತ್ತು ತಿರುಗಿಸಿ, ಬಟ್ಟಲಿನ ಸುತ್ತುಗಳನ್ನು ಎಣಿಸಿದರಾಯಿತು. ಒಂದು ವಿಷಯ ಗಮನಿಸಬೇಕು: ಇಂಥ ಬಹುಪಾಲು ಸ್ಕೂಟರುಗಳಲ್ಲಿ ಹಿಂಚಕ್ರದ ಅಚ್ಚೇ ಹಲ್ಲುಗಾಲಿ ಪೆಟ್ಟಿಗೆಯ ಕೊನೆಯ ದಂಡ. ಆದ್ದರಿಂದ ‘ಚಕ್ರದ ಬೇರಿಂಗ್’ ಎಂದು ಬೇರೆ ಹುಡುಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಆ ಪೆಟ್ಟಿಗೆಯ ಎಣ್ಣೆ ಹೆಚ್ಚೆಂದರೆ ಒಂದು ಸಣ್ಣ ಲೋಟದಷ್ಟು. ಎಂಜಿನ್ ಆಯಿಲ್ ಬದಲಿಸುವವರು ಇದನ್ನು ಮರೆಯುವುದೇ ಹೆಚ್ಚು. ನನ್ನದರಲ್ಲಿ ಬಿದ್ದದ್ದು ಅರ್ಧ ಲೋಟ, ಬೂದಿಬಣ್ಣ, ಬೆಳಕಿಗೆ ಹಿಡಿದರೆ ಲೋಹದ ಮಿನುಗು. ಒಂದು ಬೇರಿಂಗ್ ಬದಲಾಯಿತು, ಹೊಸ ಎಣ್ಣೆ ಬಿತ್ತು, ದುಂಬಿ ಹಾರಿಹೋಯಿತು. ಕ್ಲಚ್ಚಿಗೆ ಹೊಸದೇನೂ ಹಾಕಲಿಲ್ಲ. ಬಟ್ಟಲಿನ ತುಕ್ಕನ್ನೂ ಶೂಗಳ ಹೊಳಪನ್ನೂ ಪಾಲಿಶ್ ಕಾಗದದಿಂದ ಮೆಲ್ಲಗೆ ಉಜ್ಜಿ, ಒರೆಸಿ, ಶೂ ತಿರುಗುವ ಪಿನ್ನುಗಳ ಧೂಳು ತೆಗೆದದ್ದಷ್ಟೇ. ನಡುಕ ನಿಂತಿತು.

ಉಜ್ಜುವುದು ಶಾಶ್ವತ ಪರಿಹಾರವಲ್ಲ ಎಂಬುದನ್ನೂ ಹೇಳಬೇಕು. ಮರುವರ್ಷದ ಜುಲೈನಲ್ಲಿ ನಡುಕ ಮರಳಿತು. ಈ ಸಲ ಲೈನಿಂಗ್ ಅಳೆದರೆ ಸವೆತದ ಮಿತಿ ಮುಟ್ಟಿತ್ತು, ಶೂಗಳನ್ನು ಬದಲಿಸಿದೆ. ಬೆಲ್ಟು, ರೋಲರು ಹಳೆಯವೇ ಇವೆ. ತೆಗೆದ ಶೂಗಳನ್ನು ಗಾಳಿ ಹಾಯಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪ್ರಯೋಗಾಲಯಕ್ಕೆ ಒಯ್ದೆ. ಪ್ರಶ್ನೆ ಕೇಳಿದ್ದ ಹುಡುಗ ಅವುಗಳಲ್ಲಿ ಒಂದನ್ನು ಕಬ್ಬಿಣದ ಪಟ್ಟಿಯ ಮೇಲಿಟ್ಟು, ಪಟ್ಟಿಯನ್ನು ಓರೆ ಮಾಡುತ್ತ ಜಾರುವ ಕೋನ ಬರೆದುಕೊಂಡ. ಒಣಗಿದ್ದಾಗ ಒಂದು, ನೀರು ಚಿಮುಕಿಸಿದಾಗ ಇನ್ನೊಂದು, ಪಟ್ಟಿಯನ್ನು ರಾತ್ರಿ ಹೊರಗಿಟ್ಟು ತುಕ್ಕು ಹಿಡಿಸಿದ ಮೇಲೆ ಮತ್ತೊಂದು. ಮೂರೂ ಬೇರೆ ಬೇರೆ ಬಂದವು.