ವಚನದ ಹಿಂದಿರುವ ಪತ್ರ

ಬೊಮ್ಮನಹಳ್ಳಿಯ ಬಾಡಿಗೆ ಮನೆಗಳ ಗೋಡೆಯ ಮೇಲೂ ಬೆಳಗಿನ ವಾಟ್ಸಾಪ್ ಸಂದೇಶಗಳಲ್ಲೂ ನಾವು ಮತ್ತೆ ಮತ್ತೆ ಕಾಣುವ ವಚನ ಯೆರೆಮೀಯ 29:11. ತನ್ನ ಜನರ ಬಗ್ಗೆ ದೇವರಿಗಿರುವ ಯೋಜನೆ ಹಿತಕರವಾದುದು ಎಂಬುದು ಅದರ ತಾತ್ಪರ್ಯ. ಕೆಲಸಕ್ಕಾಗಿ ಕಾಯುತ್ತಿರುವವರು ಅದನ್ನು ಮುಂದಿನ ತಿಂಗಳ ವಾಗ್ದಾನವೆಂದು ಓದುತ್ತಾರೆ. ತಿಂಗಳು ಕಳೆದಾಗ ವಿಶ್ವಾಸವೇ ಕುಗ್ಗುತ್ತದೆ. ಇಲ್ಲಿ ಕೊರತೆಯಿರುವುದು ಓದುವ ಕ್ರಮದಲ್ಲಿ.

ಅದು ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರ. ಹಿಂದಿನ ಅಧ್ಯಾಯವನ್ನು ತೆರೆಯಿರಿ: ಎರಡೇ ವರ್ಷಗಳಲ್ಲಿ ಬಿಡುಗಡೆ ಎಂದು ಹನನ್ಯ ಸಾರುತ್ತಾನೆ; ಅವನು ಸುಳ್ಳು ಪ್ರವಾದಿಯೆಂದು ಯೆರೆಮೀಯ ಬಯಲುಮಾಡುತ್ತಾನೆ. ಪತ್ರದ 10ನೆಯ ವಚನವಾದರೋ 70 ವರ್ಷಗಳೆನ್ನುತ್ತದೆ. ಅಲ್ಲಿಯವರೆಗೆ ಮನೆ ಕಟ್ಟಬೇಕು, ತೋಟ ಮಾಡಬೇಕು, ಆ ಪರನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕು ಎಂದು 5ರಿಂದ 7ನೆಯ ವಚನಗಳು ತಿಳಿಸುತ್ತವೆ. ಹುಟ್ಟೂರು ಬಿಟ್ಟು ಹೊಸೂರು ರಸ್ತೆಯ ಬದಿಯಲ್ಲಿ ನೆಲೆಸಿದ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ? ಆದರೆ ಗೋಡೆಯ ಚಿತ್ರಪಟದಲ್ಲಿ ಈ ಭಾಗವೇ ಇಲ್ಲ.

ಗ್ರಂಥಕರ್ತನ ಉದ್ದೇಶ, ಬರಹದ ಪ್ರಕಾರ, ಇಡೀ ಪವಿತ್ರ ಗ್ರಂಥದ ಐಕ್ಯ, ಇವನ್ನು ಗಮನಿಸಿ ಓದಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ‘ದೇಯಿ ವೆರ್ಬುಮ್’ನಲ್ಲಿ ಬೋಧಿಸಿದೆ. ಮನೆಯಲ್ಲಿ ಇದು ಕಷ್ಟವೇನಲ್ಲ. ಜಪಮಾಲೆಯ ನಂತರ ಒಬ್ಬರು ಈ ಅಧ್ಯಾಯದ 1ರಿಂದ 14ನೆಯ ವಚನಗಳನ್ನು ಗಟ್ಟಿಯಾಗಿ ಓದಲಿ. ಯಾರು ಯಾರಿಗೆ ಬರೆದರು? ಹಿಂದುಮುಂದು ಏನಿದೆ? ಇದು ನಮ್ಮಿಂದ ಏನನ್ನು ಅಪೇಕ್ಷಿಸುತ್ತದೆ? ಮಕ್ಕಳೇ ಮೊದಲು ಉತ್ತರಿಸಲಿ. ಬಳಿಕ ಕ್ಷಣಕಾಲ ಮೌನವಿರಲಿ. ರಾತ್ರಿ ಪಾಳಿಗೆ ಹೋಗುವವರು ಮೊಬೈಲಿಗೆ ಬಂದ ವಚನವನ್ನು ಇತರರಿಗೆ ಕಳುಹಿಸುವ ಮುನ್ನ ಅದರ ಅಧ್ಯಾಯವನ್ನು ಪೂರ್ತಿ ಓದಲಿ. ಎರಡು ವರ್ಷಗಳ ಭರವಸೆ ಹನನ್ಯನದು. ದೇವರ ಭರವಸೆ 70 ವರ್ಷ ಕಾಯುವಷ್ಟು ಗಟ್ಟಿಯಾದುದು.